ತಲೆಬುರುಡೆಯ ತಳದ ಗಡ್ಡೆಗೆ ಯಾವ ಫ್ಯಾಟ್ ಸ್ಯಾಟ್?

ಎಂಆರ್‌ಐ ಸ್ಕ್ಯಾನಿನಲ್ಲಿ ಗ್ಯಾಡೋಲಿನಿಯಂ ಎಂಬ ಕಾಂಟ್ರಾಸ್ಟ್ ಮದ್ದು ಕೊಟ್ಟ ಮೇಲೆ ಗಡ್ಡೆ ಬೆಳ್ಳಗಾಗುತ್ತದೆ. ಪಕ್ಕದ ಕೊಬ್ಬು ಮೊದಲೇ ಬೆಳ್ಳಗಿರುತ್ತದೆ. ಎರಡೂ ಬೆರೆತುಹೋದರೆ ಗಡ್ಡೆಯ ಅಂಚು ಎಲ್ಲಿ ಅಂತ ಹೇಳುವುದು ಹೇಗೆ? ಅದಕ್ಕೇ ಕೊಬ್ಬಿನ ಸಿಗ್ನಲ್ ಅಳಿಸಬೇಕು, ಅದೇ ಫ್ಯಾಟ್ ಸ್ಯಾಟ್. ರಿಪೋರ್ಟ್ ಬರೆಯುವಾಗ ನನ್ನ ಮುಂದೆ ಮೂರು ಬಗೆಯಲ್ಲಿ ಅಳಿಸಿದ ಚಿತ್ರಗಳೂ ಬರುತ್ತಿರುತ್ತವೆ.

ಮೊದಲನೆಯದು ಮಾಮೂಲಿ ಫ್ಯಾಟ್ ಸ್ಯಾಟ್. 1.5 ಟೆಸ್ಲಾ ಕಾಂತಕ್ಷೇತ್ರದ ಯಂತ್ರದಲ್ಲಿ ಕೊಬ್ಬಿನ ಸಿಗ್ನಲ್‌ಗೂ ನೀರಿನದಕ್ಕೂ ಫ್ರೀಕ್ವೆನ್ಸಿಯಲ್ಲಿ ಸುಮಾರು 220 ಹರ್ಟ್ಸ್ ವ್ಯತ್ಯಾಸ. ಇದು ಕೊಬ್ಬಿನ ಫ್ರೀಕ್ವೆನ್ಸಿಯನ್ನು ಹುಡುಕಿ ಹೊಡೆಯುತ್ತದೆ. ಕಾಂತಕ್ಷೇತ್ರ ಸಮವಾಗಿದ್ದರೆ ಚೆನ್ನಾಗಿ ನಡೆಯುತ್ತದೆ. ಆದರೆ ಈ ಜಾಗದಲ್ಲಿ ಸಮ ಎಲ್ಲಿ ಬಂತು? ಸೈನಸ್ಸಿನ ಗಾಳಿ, ಅದಕ್ಕೆ ಅಂಟಿಕೊಂಡೇ ಮೂಳೆ, ಕೆಳಗೆ ಹಲ್ಲಿಗೆ ಹಾಕಿಸಿದ ಲೋಹದ ಕ್ಯಾಪ್. ಮೂಗಿನ ಹಿಂದಿರುವ ಸ್ಫೀನಾಯ್ಡ್ ಸೈನಸ್ಸಿನ ಪಕ್ಕ ಒಂದು ಬಿಳಿ ಪಟ್ಟಿ ಉಳಿದುಬಿಡುತ್ತದೆ. ಗಡ್ಡೆಯಾ, ಅಳಿಸದೆ ಉಳಿದ ಕೊಬ್ಬಾ? ಸುಮ್ನೆ ನೋಡುತ್ತಾ ಕೂರಬೇಕು.

ಎರಡನೆಯದು ಸ್ಟಿರ್. ಇದಕ್ಕೆ ಕಾಂತಕ್ಷೇತ್ರದ ಈ ಏರುಪೇರು ಅಷ್ಟಾಗಿ ತಟ್ಟುವುದಿಲ್ಲ. ಅದು ನೋಡುವುದು ಟಿ1 ಸಮಯವನ್ನು, ಅಂದರೆ ಅಂಗಾಂಶ ತನ್ನ ಮೊದಲಿನ ಕಾಂತಸ್ಥಿತಿಗೆ ಮರಳಲು ಹಿಡಿಯುವ ಹೊತ್ತನ್ನು. ಕೊಬ್ಬಿನಷ್ಟೇ ಟಿ1 ಇರುವುದೆಲ್ಲ ಅಳಿಯುತ್ತದೆ. ಕಾಂಟ್ರಾಸ್ಟ್ ಕೊಟ್ಟ ಮೇಲೆ ಗಡ್ಡೆಯ ಟಿ1 ಇಳಿದು ಕೊಬ್ಬಿನ ಹತ್ತಿರ ಬಂದರೆ, ಗಡ್ಡೆಯೂ ಅಳಿಸಿಹೋಗಬಹುದು. ಹಾಗಾಗಿ ಕಾಂಟ್ರಾಸ್ಟ್‌ಗೆ ಮುಂಚೆ ಮಾತ್ರ.

ಮೂರನೆಯದು ಡಿಕ್ಸನ್, ನನ್ನ ಮತ ಅದಕ್ಕೇ. 1984ರ ಐಡಿಯಾ ಇದು. ಕೊಬ್ಬು, ನೀರಿನ ಸಿಗ್ನಲ್‌ಗಳು ಒಂದೇ ದಿಕ್ಕಿನಲ್ಲಿರುವಾಗ ಒಮ್ಮೆ, ಎದುರುಬದುರಾದಾಗ ಇನ್ನೊಮ್ಮೆ ಹಿಡಿದು, ಲೆಕ್ಕ ಹಾಕಿ ಎರಡನ್ನೂ ಬೇರ್ಪಡಿಸುತ್ತದೆ. ಕ್ಷೇತ್ರದ ಏರುಪೇರನ್ನೂ ಲೆಕ್ಕದಲ್ಲೇ ಸರಿಮಾಡುವುದರಿಂದ ಸೈನಸ್ಸಿನ ಅಂಚು ಶುಭ್ರವಾಗಿ ಬರುತ್ತದೆ. ನರದ ಗುಂಟ ಹರಿದ ಗಡ್ಡೆ ಫೊರಾಮೆನ್ ಓವೇಲ್ (ತಲೆಬುರುಡೆಯ ತಳದಲ್ಲಿ ನರ ಹಾದುಹೋಗುವ ರಂಧ್ರ) ದಾಟಿದೆಯಾ ಅಂತ ಕೊರೊನಲ್ ಚಿತ್ರದಲ್ಲಿ, ಅಂದರೆ ಎದುರಿನಿಂದ ನೋಡಿದಂಥ ಸೀಳುನೋಟದಲ್ಲಿ, ಎರಡೂ ಕಡೆ ಹೋಲಿಸಿ ನೋಡಬಹುದು. ಅದೇ ಸ್ಕ್ಯಾನಿನಲ್ಲಿ ಕೊಬ್ಬು ಅಳಿಸದ ಚಿತ್ರವೂ ಸಿಗುತ್ತದೆ, ಅದು ಬೋನಸ್. ಟೈಮ್ ಮಾತ್ರ ಸ್ವಲ್ಪ ಜಾಸ್ತಿ. ಅಪರೂಪಕ್ಕೆ ಲೆಕ್ಕ ತಪ್ಪಿ ಕೊಬ್ಬು, ನೀರು ಅದಲುಬದಲಾಗುತ್ತವೆ. ನೀರಿನ ಚಿತ್ರದಲ್ಲಿ ಕೆನ್ನೆಯ ಕೊಬ್ಬು ಬೆಳ್ಳಗೆ ಕಂಡರೆ ಅನುಮಾನ ಪಡಿ.

ಇಷ್ಟೆಲ್ಲಾ ಇದ್ದರೂ ನಾನು ಮೊದಲು ತೆರೆಯುವುದು ಕಾಂಟ್ರಾಸ್ಟ್ ಕೊಡದ, ಕೊಬ್ಬು ಅಳಿಸದ ಸಾದಾ ಟಿ1 ಚಿತ್ರ. ದೊಡ್ಡವರ ಕ್ಲೈವಸ್ಸಿನಲ್ಲಿ (ತಲೆಬುರುಡೆಯ ತಳದ ನಡುವಿನ ಮೂಳೆ) ಮಜ್ಜೆ ಹೆಚ್ಚಾಗಿ ಕೊಬ್ಬೇ, ಬೆಳ್ಳಗಿರುತ್ತದೆ. ಕಾರ್ಡೋಮಾ ಎಂಬ ಗಡ್ಡೆ ಹೊಕ್ಕ ಕಡೆ ಕಪ್ಪಗೆ ಎದ್ದು ಕಾಣುತ್ತದೆ. (ಚಿಕ್ಕ ಮಕ್ಕಳಲ್ಲಿ ಮಜ್ಜೆ ಇನ್ನೂ ಕೆಂಪು, ಕೊಬ್ಬು ಕಡಿಮೆ. ಅಲ್ಲಿ ಕಪ್ಪು ಕಂಡ ಕೂಡಲೇ ಗಾಬರಿ ಬೇಡ.) ಫೊರಾಮೆನ್ ಓವೇಲ್ ಕೆಳಗಿನ ಪುಟ್ಟ ಕೊಬ್ಬಿನ ತುಣುಕು ಒಂದು ಕಡೆ ಮಾಯವಾಗಿದ್ದರೂ ಅಷ್ಟೇ, ಆ ನರದ ಮೇಲೆ ಕಣ್ಣಿಡಬೇಕು. ಕೊಬ್ಬನ್ನು ಅಳಿಸಿಬಿಟ್ಟರೆ ಈ ಸುಳಿವುಗಳೂ ಹೋದವು, ಅಲ್ವಾ?

ರೋಗಿಗೆ ಜಾಸ್ತಿ ಹೊತ್ತು ಮಲಗಲು ಆಗದಿದ್ದರೆ ನಾನು ಬಿಡದೆ ಕೇಳುವುದು ಎರಡೇ: ಈ ಸಾದಾ ಟಿ1, ಮತ್ತೆ ಕಾಂಟ್ರಾಸ್ಟ್ ನಂತರದ ಕೊರೊನಲ್ ಡಿಕ್ಸನ್.