ನೂರು ಕಾರ್ಡುಗಳಲ್ಲಿ ಅಪವರ್ತನಗಳು: ಒಂದು ಗಣಿತದ ಪೆಟ್ಟಿಗೆಯ ವಿಮರ್ಶೆ

ಮೈಸೂರಿನ ಸರಸ್ವತಿಪುರಂನ ಲೇಖನ ಸಾಮಗ್ರಿ ಅಂಗಡಿಯೊಂದರಲ್ಲಿ ದೊರೆತ ಈ ಪೆಟ್ಟಿಗೆಯಲ್ಲಿ 1ರಿಂದ 100ರವರೆಗಿನ ಸಂಖ್ಯೆಗಳ ಕಾರ್ಡುಗಳಿದ್ದು, ಪ್ರತಿಯೊಂದರ ಹಿಂಬದಿಯಲ್ಲಿ ಆ ಸಂಖ್ಯೆಯ ಅಪವರ್ತನಗಳನ್ನೂ, ಆ ಸಂಖ್ಯೆಯನ್ನು ಬಿಟ್ಟು ಉಳಿದವುಗಳ ಮೊತ್ತವನ್ನೂ ಮುದ್ರಿಸಲಾಗಿದೆ. ಮೊತ್ತವು ಸಂಖ್ಯೆಗಿಂತ ಕಡಿಮೆಯಿದ್ದರೆ ಕಾರ್ಡಿಗೆ ನೀಲಿ ಅಂಚು, ಸಮವಾಗಿದ್ದರೆ ಹಳದಿ, ಹೆಚ್ಚಾಗಿದ್ದರೆ ಕೆಂಪು. ಕ್ರಿ.ಶ. 100ರ ಸುಮಾರಿಗೆ ಗ್ರೀಕ್ ಗಣಿತಜ್ಞ ನಿಕೋಮಾಕಸ್ ವಿವರಿಸಿದ ವಿಂಗಡಣೆಯೇ ಇದು. ನೂರರಲ್ಲಿ ನೀಲಿ 76, ಕೆಂಪು 22. ಹಳದಿ ಅಂಚಿನವು 6 ಮತ್ತು 28 ಮಾತ್ರ, ಏಕೆಂದರೆ ಹೀಗೆ ಮೊತ್ತವು ತನಗೇ ಸಮವಾಗುವ, ಅಂದರೆ ಪರಿಪೂರ್ಣವೆನಿಸಿದ, ಮುಂದಿನ ಸಂಖ್ಯೆ 496.

ಮನೆಪಾಠಕ್ಕೆ ಬರುವ ಮಕ್ಕಳನ್ನು ಹೆಚ್ಚು ಹೊತ್ತು ಹಿಡಿದಿಟ್ಟದ್ದು ಕೆಂಪು ಕಾರ್ಡುಗಳ ಆಟ. ಒಂದು ಕೆಂಪು ಸಂಖ್ಯೆಯನ್ನು ಮುಂದಿಟ್ಟುಕೊಂಡು, ಅದರ ಅಪವರ್ತನಗಳ ಕಾರ್ಡುಗಳಲ್ಲಿ ಕೆಲವನ್ನು ಆಯ್ದು, ಮೊತ್ತವು ಸರಿಯಾಗಿ ಆ ಸಂಖ್ಯೆಗೇ ಬರುವಂತೆ ಮಾಡಬೇಕು. 12ಕ್ಕೆ 1, 2, 3, 4, 6 ಸೇರಿ 16 ಆಗುತ್ತದೆ. 4ನ್ನು ತೆಗೆದರೆ ಮುಗಿಯಿತು. 20ರಲ್ಲಿ 2ನ್ನು ತೆಗೆದರೆ ಸಾಕು. ನೂರರೊಳಗೆ 70 ಒಂದೇ ಈ ಆಟಕ್ಕೆ ಒಗ್ಗುವುದಿಲ್ಲ: 1, 2, 5, 7, 10, 14, 35 ಸೇರಿ 74 ಆಗುತ್ತದೆ, ಹೆಚ್ಚಾದ 4ನ್ನು ಕಳೆಯೋಣವೆಂದರೆ 1 ಮತ್ತು 2 ಸೇರಿದರೂ ಮೂರೇ, ಅದರಾಚೆಗಿನದು 5. ಆಟದ ನಿಯಮಗಳ ಹಾಳೆ ಈ ವಿಚಾರವನ್ನು ಹೇಳದೆ ಬಿಟ್ಟಿರುವುದು ನನ್ನ ದೃಷ್ಟಿಯಲ್ಲಿ ಒಳ್ಳೆಯದೇ. ಮಕ್ಕಳು ಹೆಣಗಾಡಿ ತಾವೇ ಕಂಡುಕೊಳ್ಳಲಿ.

ಅಪವರ್ತನಗಳು ಎಷ್ಟು ಎಂಬ ಲೆಕ್ಕವನ್ನು ಮುದ್ರಿಸದಿರುವುದು ಮಾತ್ರ ಕೊರತೆಯೇ ಸರಿ. ತನಗಿಂತ ಚಿಕ್ಕದಾದ ಎಲ್ಲ ಸಂಖ್ಯೆಗಳಿಗಿಂತ ಹೆಚ್ಚು ಅಪವರ್ತನಗಳಿರುವ ಸಂಖ್ಯೆಗಳನ್ನು ಕುರಿತು ರಾಮಾನುಜನ್ 1915ರಲ್ಲಿ ದೀರ್ಘ ಪ್ರಬಂಧ ಪ್ರಕಟಿಸಿದ್ದರು. 12 ಅಪವರ್ತನಗಳುಳ್ಳ 60 ಆ ಗುಂಪಿಗೆ ಸೇರಿದ್ದು. ಲೆಕ್ಕವಿದ್ದಿದ್ದರೆ, ವರ್ಗಸಂಖ್ಯೆಗಳಿಗೆ ಮಾತ್ರ ಅಪವರ್ತನಗಳ ಸಂಖ್ಯೆ ಬೆಸವಾಗಿರುವುದೂ ಒಂದೇ ನೋಟಕ್ಕೆ ಕಾಣುತ್ತಿತ್ತು.

ದೊಡ್ಡ ತಪ್ಪು ಬೇರೆಯಿದೆ. ಅವಿಭಾಜ್ಯ ಸಂಖ್ಯೆಗಳ ಮೂಲೆಯಲ್ಲಿ ನಕ್ಷತ್ರವಿದೆ, ಅದು 1ರ ಮೇಲೂ ಇದೆ. ಅವಿಭಾಜ್ಯಕ್ಕೆ ಸರಿಯಾಗಿ ಎರಡು ಅಪವರ್ತನಗಳಿರಬೇಕು, 1ಕ್ಕೆ ಇರುವುದು ಒಂದೇ. ಅದನ್ನು ಅವಿಭಾಜ್ಯವೆಂದರೆ 6ನ್ನು 2×3 ಎಂದೂ 1×2×3 ಎಂದೂ ಬಿಡಿಸಬಹುದಾಗಿ, ಅವಿಭಾಜ್ಯಗಳ ಗುಣಲಬ್ಧವಾಗಿ ಬರೆಯುವ ರೀತಿ ಒಂದೇ ಎಂಬ ನಿಯಮವೇ ಕೆಡುತ್ತದೆ. ಕೊಳ್ಳುವವರು ಮಕ್ಕಳ ಕೈಗೆ ಕೊಡುವ ಮೊದಲೇ ಆ ನಕ್ಷತ್ರದ ಮೇಲೆ ಕಾಗದ ಅಂಟಿಸುವುದು ಕ್ಷೇಮ. ಕೆಂಪು ಕಾರ್ಡುಗಳೆಲ್ಲ ಸಮಸಂಖ್ಯೆಗಳೇ ಆಗಿರುವುದರಿಂದ ಎಲ್ಲ ಕಡೆಯೂ ಹಾಗೆಯೇ ಎಂದು ಮಕ್ಕಳು ನಂಬುವ ಸಂಭವವೂ ಉಂಟು; ಬೆಸಸಂಖ್ಯೆಗಳಲ್ಲಿ ಅಂಥ ಮೊದಲನೆಯದು 945 ಎಂಬುದನ್ನು ಹಿರಿಯರೇ ಹೇಳಿಕೊಡಬೇಕು.