ಎರಡು ಮಳೆಗಾಲ ಕಂಡ ನನ್ನ ಲ್ಯಾಪ್ ಟ್ರೈನರ್ ಪೆಟ್ಟಿಗೆ

ಲ್ಯಾಪ್ ಅಂದರೆ ಲ್ಯಾಪರೋಸ್ಕೋಪಿ: ಹೊಟ್ಟೆಗೆ ಸಣ್ಣ ತೂತು ಹಾಕಿ, ಕ್ಯಾಮೆರಾ ಮತ್ತು ಉದ್ದನೆ ಉಪಕರಣ ತೂರಿಸಿ, ಪರದೆ ನೋಡಿಕೊಂಡು ಮಾಡುವ ಆಪರೇಷನ್. ಅದನ್ನು ರೂಮಿನಲ್ಲೇ ಅಭ್ಯಾಸ ಮಾಡಲಿಕ್ಕೆ ಈ ಪೆಟ್ಟಿಗೆ. ಮೊದಲೇ ಹೇಳಿಬಿಡುತ್ತೇನೆ. ನೀವು ಮಲೆನಾಡಿನವರಾಗಿದ್ದು ಈ ಪೆಟ್ಟಿಗೆ ತರಿಸುವುದಾದರೆ, ಜೊತೆಗೆ ಒಂದು ಬಾಟಲಿ ಹೊಲಿಗೆ ಮಷೀನಿನ ಎಣ್ಣೆಯನ್ನೂ ತಂದಿಟ್ಟುಕೊಳ್ಳಿ.

ನಾನು ಸರ್ಜರಿ ಪಿಜಿ, ಈಗ ಮೂರನೇ ವರ್ಷ. ನಮ್ಮ ಕಾಲೇಜಿನಲ್ಲಿ ಇಂಥದೇ ಅಭ್ಯಾಸಕ್ಕೆ ಲಕ್ಷಗಟ್ಟಲೆ ಬೆಲೆಯ ಸಿಮ್ಯುಲೇಟರ್ ಒಂದಿದೆ. ಮೇಲೊಂದು ಹಸಿರು ಬಟ್ಟೆ ಹೊದ್ದುಕೊಂಡು ಕೂತಿದೆ. ಕೀಲಿ ಇರುವುದು ಒಬ್ಬರ ಹತ್ತಿರ, ಅವರು ನಾಲ್ಕಕ್ಕೆ ಹೊರಡುತ್ತಾರೆ, ನಾವು ಓಟಿಯಿಂದ (ಆಪರೇಷನ್ ಥಿಯೇಟರ್) ಹೊರಗೆ ಬರುವುದೇ ಐದರ ಮೇಲೆ. ಎರಡು ವರ್ಷದಲ್ಲಿ ಮೂರು ಸಲ ಮುಟ್ಟಿದ್ದೇನೆ, ಅದರಲ್ಲೂ ಒಂದು ಸಲ ಇನ್‌ಸ್ಪೆಕ್ಷನ್ ಇತ್ತು ಅಂತ. ಅದಕ್ಕೇ ಸ್ಟೈಪೆಂಡಿನಲ್ಲಿ 11 ಸಾವಿರ ಕೊಟ್ಟು ಇದನ್ನು ತರಿಸಿದೆ.

ರಾತ್ರಿ ಹತ್ತೂವರೆಗೆ ಊಟ ಮುಗಿಸಿ, ಶಿವಮೊಗ್ಗದ ದುರ್ಗಿಗುಡಿಯ ರೂಮಿನಲ್ಲಿ ಟೇಬಲ್ ಮೇಲಿನ ಪುಸ್ತಕವೆಲ್ಲ ಮಂಚಕ್ಕೆ ಎಸೆದು, ಪೆಟ್ಟಿಗೆ ಇಟ್ಟು, ಕ್ಯಾಮೆರಾದ ವೈರು ಲ್ಯಾಪ್‌ಟಾಪ್‌ಗೆ ಸಿಕ್ಕಿಸುತ್ತೇನೆ. ಮೊದಲು ಇಪ್ಪತ್ತು ಅಲಸಂದೆ ಕಾಳು, ಒಂದು ಮುಚ್ಚಳದಿಂದ ಇನ್ನೊಂದಕ್ಕೆ, ಬರೀ ಎಡಗೈಯಲ್ಲಿ. ಆಮೇಲೆ ಪೆಗ್ ಟ್ರಾನ್ಸ್‌ಫರ್: ಆರು ಬಿಲ್ಲೆ, ಉದ್ದನೆ ಇಕ್ಕಳದಂಥ ಒಂದು ಗ್ರಾಸ್ಪರ್‌ನಿಂದ ಎತ್ತಿ, ಗಾಳಿಯಲ್ಲೇ ಇನ್ನೊಂದಕ್ಕೆ ದಾಟಿಸಿ, ಆಚೆ ಬದಿಯ ಕಡ್ಡಿಗೆ ಸಿಕ್ಕಿಸಬೇಕು. ಆರೂ ಆದ ಮೇಲೆ ಅದೇ ರೀತಿ ವಾಪಸ್. ಎಫ್‌ಎಲ್‌ಎಸ್ (ಲ್ಯಾಪರೋಸ್ಕೋಪಿಯ ಮೂಲ ಕೌಶಲ ಕಲಿಸುವ ಅಮೆರಿಕದ ಕಾರ್ಯಕ್ರಮ) ತರಬೇತಿಯಲ್ಲಿ ಇದಕ್ಕೆ ಇಟ್ಟಿರುವ ಗುರಿ 48 ಸೆಕೆಂಡು. ನನಗೆ ಮೊದಲ ದಿನ ಹಿಡಿದದ್ದು ನಾಲ್ಕು ನಿಮಿಷ, ಎರಡು ಬಿಲ್ಲೆ ಮಂಚದ ಕೆಳಗೆ ಹೋಗಿದ್ದು ಬೇರೆ. ಕೈ ಎಡಕ್ಕೆ ಹೋದರೆ ತುದಿ ಬಲಕ್ಕೆ ಹೋಗುತ್ತದೆ, ಪರದೆಯಲ್ಲಿ ಆಳ ಗೊತ್ತಾಗುವುದಿಲ್ಲ. ಕನ್ನಡಿ ನೋಡಿಕೊಂಡು ಹಿಂದಿನ ಜಡೆಗೆ ಹೂ ಮುಡಿಯುವ ಕಥೆ. ಕೊನೆಗೆ ಬಾಳೆಹಣ್ಣಿನ ಸಿಪ್ಪೆಗೆ ಎರಡು ಹೊಲಿಗೆ. ದಾರದ ಖರ್ಚಿಲ್ಲ, ಡೇಟ್ ಮುಗಿದ ಸಿಲ್ಕ್ ಪ್ಯಾಕೆಟ್ಟುಗಳನ್ನು ಓಟಿ ಸಿಸ್ಟರ್ ನನಗಂತಲೇ ಎತ್ತಿಡುತ್ತಾರೆ.

ಮೇ ತನಕ ಎಲ್ಲ ಚೆನ್ನಾಗಿತ್ತು. ಜೂನ್ ಮೂರನೇ ವಾರ ನೀಡಲ್ ಹೋಲ್ಡರ್ ಕಚ್ಚಿದ ಸೂಜಿಯನ್ನು ಬಿಡಲೇ ಇಲ್ಲ. ಹಿಡಿಯ ಹತ್ತಿರ ಹಿಡಿತವನ್ನು ಬಿಗಿಯಾಗಿ ನಿಲ್ಲಿಸುವ ರ‍್ಯಾಚೆಟ್ ಇದೆಯಲ್ಲ, ಅದರ ಹಲ್ಲುಗಳ ಸಂದಿಯಲ್ಲಿ ಕೆಂಪು ತುಕ್ಕು. ಮಾರಿದವರಿಗೆ ಫೋನ್ ಮಾಡಿದರೆ 'ಡ್ರೈ ಪ್ಲೇಸ್‌ನಲ್ಲಿ ಇಡಿ ಮೇಡಂ' ಅಂದರು. ನಮ್ಮ ಕಡೆ ಜುಲೈಯಲ್ಲಿ ಒಣ ಜಾಗ ಅಂದರೆ ಒಲೆ ಮೇಲಿನ ಅಟ್ಟ ಒಂದೇ, ಅಲ್ಲೂ ಹಪ್ಪಳದ ಡಬ್ಬ ಇರುತ್ತದೆ! ತೆಂಗಿನೆಣ್ಣೆ ಹಚ್ಚಿ ನೋಡಿದೆ, ನಾಲ್ಕು ದಿನಕ್ಕೆ ಅಂಟಂಟಾಗಿ ಇನ್ನೂ ಕೆಟ್ಟಿತು. ಗಾಂಧಿ ಬಜಾರಿನಲ್ಲಿ ತಂದ ಹೊಲಿಗೆ ಮಷೀನಿನ ಎಣ್ಣೆ ಕಾಪಾಡಿತು. ಈಗ ದಿನಾ ಒರೆಸಿ, ಒಂದು ತೊಟ್ಟು ಬಿಟ್ಟು, ಚಪ್ಪಲಿ ಡಬ್ಬದಲ್ಲಿ ಬರುವ ಸಿಲಿಕಾ ಪೊಟ್ಟಣಗಳ ಜೊತೆ ಮುಚ್ಚಿಡುತ್ತೇನೆ. 11 ಸಾವಿರ ತಗೊಂಡವರು ಒಳ್ಳೆ ಸ್ಟೀಲ್ ಹಾಕಬಾರದಿತ್ತಾ?

ಅಷ್ಟು ಸಿಟ್ಟಿದ್ದರೂ ಮಾರಿಬಿಡಲಿಲ್ಲ. ದೀಪಾವಳಿ ರಜೆಗೆ ತೀರ್ಥಹಳ್ಳಿ ಹತ್ತಿರದ ನಮ್ಮೂರಿಗೆ ಹೊತ್ತುಕೊಂಡು ಹೋದೆ. ಅಡಿಕೆ ಕೊಯ್ಲು ನಡೆದಿತ್ತು. ರಾತ್ರಿ ಜಗಲಿಯ ಒಂದು ತುದಿಯಲ್ಲಿ ಅಮ್ಮ ಮತ್ತೆ ನಾಲ್ಕು ಜನ ಮೆಟ್ಟುಗತ್ತಿ ಹಾಕಿಕೊಂಡು ಸುಲಿಯುತ್ತಿದ್ದರು, ಇನ್ನೊಂದು ತುದಿಯಲ್ಲಿ ನಾನು ಮತ್ತು ಪೆಟ್ಟಿಗೆ. ಅಮ್ಮ ಸುಮಾರು ಹೊತ್ತು ಸುಮ್ನೆ ನೋಡಿ, 'ಹೆಗಲು ಯಾಕೇ ಹಂಗೆ ಎತ್ಕಂಡಿದ್ದೀ? ಮೊಣಕೈ ಇಳಿಸು, ಇಲ್ದಿದ್ರೆ ಗಂಟೆ ಹೊತ್ತಿಗೆ ಕೈ ಸೋಲ್ತದೆ' ಅಂದರು. ಮೇಜು ನನಗೆ ಎತ್ತರವಾಗಿತ್ತು, ಅಷ್ಟೇ. ಒಂದು ವರ್ಷದಿಂದ ನನಗೇ ಹೊಳೆದಿರಲಿಲ್ಲ, ಯಾಕಂದರೆ ನನ್ನ ಕೈಯನ್ನು ಪಕ್ಕದಲ್ಲಿ ನಿಂತು ಯಾರೂ ನೋಡಿರಲಿಲ್ಲ. ಪೆಟ್ಟಿಗೆ ಟೈಮ್ ಹೇಳುತ್ತದೆ, ತಪ್ಪು ಎಲ್ಲಿ ಅಂತ ಹೇಳುವುದಿಲ್ಲ. ಪೆಟ್ಟಿಗೆಯನ್ನು ಗಿಡ್ಡ ಸ್ಟೂಲಿಗೆ ಇಳಿಸಿದ ಮೇಲೆ ಎರಡೇ ವಾರಕ್ಕೆ, ಪೆಗ್ ಟ್ರಾನ್ಸ್‌ಫರಿನಲ್ಲಿ 90ರಲ್ಲಿ ನಿಂತಿದ್ದವಳು 66 ಸೆಕೆಂಡಿಗೆ ಬಂದೆ.

ಇದರಿಂದ ನಿಜವಾದ ಆಪರೇಷನ್ನಿಗೆ ಏನು ಉಪಯೋಗ ಅಂತ ಜೂನಿಯರ್‌ಗಳು ಕೇಳುತ್ತಾರೆ. 2002ರಲ್ಲಿ ಯೇಲ್‌ನ 16 ರೆಸಿಡೆಂಟ್‌ಗಳ ಮೇಲೆ ನಡೆದ ಅಧ್ಯಯನದಲ್ಲಿ, ಸಿಮ್ಯುಲೇಟರ್ ಮೇಲೆ ಕಲಿತವರು ಪಿತ್ತಕೋಶ ಬಿಡಿಸುವ ಕೆಲಸವನ್ನು 29 ಶೇಕಡಾ ಬೇಗ ಮುಗಿಸಿದ್ದರು. ಆದರೆ ಅದು ವಿಆರ್ (ವರ್ಚುವಲ್ ರಿಯಾಲಿಟಿ) ಮಷೀನು, ನನ್ನ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲ. ನನಗೆ ಆದದ್ದು ಇಷ್ಟು: ಲ್ಯಾಪ್ ಅಪೆಂಡಿಕ್ಸ್ ಕೇಸಿನಲ್ಲಿ ಸೀನಿಯರ್ ಮೊದಲ ಸಲ ಇನ್‌ಸ್ಟ್ರುಮೆಂಟ್ ಕೈಗೆ ಕೊಟ್ಟಾಗ ತುದಿಯನ್ನು ಪರದೆಯಲ್ಲಿ ಹುಡುಕುವುದು ಬೇಕಾಗಲಿಲ್ಲ.

ಫಸ್ಟ್ ಇಯರ್‌ನವರು ಮಾತ್ರ ದುಡುಕಬೇಡಿ. ಓಟಿಯಲ್ಲಿ ನಿಮ್ಮ ಕೆಲಸ ಕ್ಯಾಮೆರಾ ಹಿಡಿಯುವುದು, ಇದರಲ್ಲಿ ಕ್ಯಾಮೆರಾಕ್ಕೆ ಸ್ಕ್ರೂ ಹೊಡೆದಿದ್ದಾರೆ, ಅಲ್ಲಾಡುವುದೇ ಇಲ್ಲ. ನಾನು ಮುಚ್ಚಳಕ್ಕೆ ಇನ್ನೊಂದು ತೂತು ಕೊರೆದು, ರೂಮ್‌ಮೇಟ್ ಕೈಗೆ ಬೇರೆ ಉದ್ದನೆ ಕ್ಯಾಮೆರಾ ಕೊಟ್ಟು ಹಿಡಿಸುತ್ತೇನೆ. ಅವಳು ಮಾತಾಡುತ್ತಾ ಎತ್ತಲೋ ತಿರುಗಿಸಿಬಿಡುತ್ತಾಳೆ, ಬೈದುಕೊಂಡೇ ಗಂಟು ಹಾಕುತ್ತೇನೆ. ಪೆಟ್ಟಿಗೆಗೆ ನನ್ನ ಅಂಕ ಐದಕ್ಕೆ ಮೂರೂವರೆ.