ಹಳೆ ಲಾರಿ ಪಟ್ಟಿಯಿಂದ ಸೇಬರ್ ಬಡಿಯುವವರಿಗೆ ಎಚ್ಚರಿಕೆ

ಹಳೆ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಬಡಿದ ಸೇಬರ್ (ಬಾಗಿದ ಉದ್ದ ಕತ್ತಿ) ಒಂದರ ಅಲಗು ಹಿಡಿಯಿಂದ ಎರಡು ಬೆರಳು ಮೇಲೆ ಪಟ್ಟನೆ ಮುರಿದಿದೆ. ವೈಸ್‌ಗೆ ಕಚ್ಚಿಸಿ ಬಗ್ಗಿಸಿ ನೋಡುವಾಗಲೇ ಮುರಿದದ್ದು ಪುಣ್ಯ. ಬೀಸುವಾಗ ಆಗಿದ್ದರೆ 80 ಸೆಂ.ಮೀ. ಉಕ್ಕು ಎದುರಿಗಿದ್ದವರ ಮೇಲೆ ಹೋಗುತ್ತಿತ್ತು. ಮುರಿದ ಬಾಯಲ್ಲಿ ಒಂದು ಮೂಲೆ ಕಪ್ಪು, ಉಳಿದದ್ದು ಸಕ್ಕರೆಯಂತೆ ಹರಳುಹರಳು.

ಕಪ್ಪಿರುವ ಜಾಗ ಮೊದಲೇ ಸೀಳಿತ್ತು, ಕುಲುಮೆಯ ಶಾಖಕ್ಕೆ ಒಳಗೆಲ್ಲ ಕಿಟ್ಟ ಕಟ್ಟಿದೆ. ಲಕ್ಷಾಂತರ ಸಲ ಬಗ್ಗಿ ಎದ್ದ ಲಾರಿ ಪಟ್ಟಿಯಲ್ಲಿ ಇಂಥ ಕೂದಲೆಳೆ ಬಿರುಕು ಇದ್ದೇ ಇರುತ್ತದೆ ಎಂದುಕೊಳ್ಳಿ. ಎಷ್ಟು ಬಡಿದರೂ ಅದು ಬೆಸೆಯುವುದಿಲ್ಲ. ಗುಜರಿ ಪಟ್ಟಿಯ ಉಕ್ಕಿನ ಗ್ರೇಡ್ ಇಎನ್ 45 ಇರಬಹುದು, ಎಸ್‌ಯುಪಿ 9 ಇರಬಹುದು, ಎರಡಕ್ಕೂ ಹದದ ಶಾಖ ಬೇರೆ. ಗ್ರೇಡ್ ಗೊತ್ತಿರುವ ಹೊಸ ಪಟ್ಟಿ ಕೊಳ್ಳಿ. ಕೆಳಗಿನ ಅಂಕಿಗಳು 5160 ಎಂಬ ಗ್ರೇಡಿನ ಸ್ಪ್ರಿಂಗ್ ಉಕ್ಕಿಗೆ.

ಹರಳು ಬಂದದ್ದು ಹಳದಿ ಬಣ್ಣಕ್ಕೆ ಕಾಯಿಸಿ ಬಡಿದು, ನೇರ ಎಣ್ಣೆಗೆ ಅದ್ದಿದ್ದಕ್ಕೆ. ಬಡಿದು ಮುಗಿದ ಮೇಲೆ 870, 820, 780 ಡಿಗ್ರಿ ಸೆಲ್ಸಿಯಸ್‌ಗೆ ಒಂದೊಂದು ಸಲ ಕಾಯಿಸಿ ಗಾಳಿಯಲ್ಲಿ ಆರಲು ಬಿಡಬೇಕಿತ್ತು. ಹಿಡಿಯೊಳಗೆ ಹೋಗುವ ಬಾಲವನ್ನು ಗ್ರೈಂಡರ್‌ನಲ್ಲಿ ಚಚ್ಚೌಕ ಕತ್ತರಿಸಿದ್ದು ಇನ್ನೊಂದು ತಪ್ಪು. ಅಂಥ ಒಳಮೂಲೆಯಲ್ಲೂ ಬಿರುಕು ಶುರುವಾಗುತ್ತದೆ. ಉರುಟು ಅರದಿಂದ ಕನಿಷ್ಠ 3 ಮಿ.ಮೀ. ದುಂಡಗೆ ಮಾಡಿ. ಬೋಲ್ಟ್ ವೆಲ್ಡ್ ಮಾಡಿ ಬಾಲ ಜೋಡಿಸುವ ಆಲೋಚನೆಯನ್ನಂತೂ ಬಿಟ್ಟುಬಿಡಿ.

ಚಾಕು ಪಳಗಿದ ಕೈಗೂ ಸೇಬರ್ ಕೈಕೊಡುವುದು ಉದ್ದದಲ್ಲಿ. 1796ರ ಬ್ರಿಟಿಷ್ ಲಘು ಅಶ್ವದಳದ ಸೇಬರ್ ಮಾದರಿ ತೆಗೆದುಕೊಂಡರೆ ಅಲಗು ಸುಮಾರು 83 ಸೆಂ.ಮೀ.; ಬುಡದಲ್ಲಿ 8–9 ಮಿ.ಮೀ. ದಪ್ಪ, ತುದಿಯತ್ತ 2–3 ಮಿ.ಮೀ. 30 ಸೆಂ.ಮೀ. ಗ್ಯಾಸ್ ಕುಲುಮೆಯಲ್ಲಿ ಬುಡ ಕೆಂಪಾಗುವಷ್ಟರಲ್ಲಿ ತುದಿ ಸುಟ್ಟುಹೋಗಿರುತ್ತದೆ. ಒಂದು ಮೀಟರ್ ಉದ್ದದ ಇದ್ದಿಲ ಗುಂಡಿ ತೋಡಿ, ತೂತು ಕೊರೆದ ಕಬ್ಬಿಣದ ಪೈಪಿನಿಂದ ಗಾಳಿ ಕೊಡಿ. ಬುಡ ಮೊದಲು ಕಾಯಲಿ, ತುದಿ ಕೊನೆಗೆ. ಮುಚ್ಚಿದ ಶೆಡ್ಡಿನಲ್ಲಿ ಬೇಡ, ಇದ್ದಿಲ ಹೊಗೆ ವಾಸನೆಯಿಲ್ಲದೆ ಕೊಲ್ಲುತ್ತದೆ. ಆಯಸ್ಕಾಂತ ಹಿಡಿಯದಿದ್ದರೆ 770 ದಾಟಿತು ಎಂದಷ್ಟೇ ಅರ್ಥ. ಅದ್ದಲು 830 ಬೇಕು.

ಎಣ್ಣೆಗೆ ನಾಲ್ಕಿಂಚಿನ, 1.2 ಮೀಟರ್ ಉದ್ದದ, ಅಡಿ ವೆಲ್ಡ್ ಮಾಡಿದ ಕಬ್ಬಿಣದ ಪೈಪು. ಪಿವಿಸಿ ಕರಗಿ ಉರಿಯುವ ಎಣ್ಣೆ ಕಾಲಿಗೆ ಸುರಿಯುತ್ತದೆ. ಒಂದು ಮೀಟರ್ ಎತ್ತರಕ್ಕೆ ಎಂಟು ಲೀಟರ್ ಸಾಕು, 50–60 ಡಿಗ್ರಿಗೆ ಬೆಚ್ಚಗಿರಲಿ. ಗ್ಯಾರೇಜಿನ ಹಳೆ ಎಂಜಿನ್ ಆಯಿಲ್ ಬೇಡ: ಹೊಗೆ ವಿಷ, ತಳದಲ್ಲಿ ನೀರಿದ್ದರೆ ಕುದಿದು ಮೇಲಕ್ಕೆ ಚಿಮ್ಮುತ್ತದೆ. ಅಲಗು ನೆಟ್ಟಗೆ, ಪೂರ್ತಿ ಮುಳುಗಬೇಕು. ಅರ್ಧ ಮುಳುಗಿಸಿ ನಿಲ್ಲಿಸಿದರೆ ಮೇಲ್ಮೈ ಹೊತ್ತಿಕೊಳ್ಳುತ್ತದೆ. ತಗಡಿನ ಮುಚ್ಚಳ ಕೈಗೆಟುಕುವಂತಿರಲಿ, ನೀರು ಮಾತ್ರ ಹಾಕಬೇಡಿ.

ಅದ್ದಿದ ಅಲಗನ್ನು ಹಾಗೇ ಬಿಟ್ಟು ಮಲಗಲು ಹೋದರೆ ಬೆಳಿಗ್ಗೆ ತಾನೇ ಬಿರಿದಿರಬಹುದು. ಕೈಗೆ ಬಿಸಿ ತಾಗುವಂತಿರುವಾಗಲೇ ಹದಕ್ಕಿಡಿ, ಅಂದರೆ ಪೆಡಸು ಇಳಿಯಲು ಕಡಿಮೆ ಶಾಖದಲ್ಲಿ ಮತ್ತೆ ಕಾಯಿಸಿ. ಅಡುಗೆಮನೆಯ ಓವನ್‌ನಲ್ಲಿ ಅರ್ಧವೂ ಹಿಡಿಸದು. ‘ಟಾರ್ಚ್ ಹಿಡಿದು ನೀಲಿ ಬಂದರೆ ಸಾಕು’ ಎನ್ನುವವರು ಬಹಳ. ನೀಲಿ ಎಂದರೆ ಸುಮಾರು 300 ಡಿಗ್ರಿ, 5160 ಇನ್ನಷ್ಟು ಪೆಡಸಾಗಬಹುದಾದ 260–370ರ ನಡುವೆಯೇ ಬರುತ್ತದೆ. ಬಗ್ಗಿ ಮರಳಬೇಕಾದ ಸೇಬರ್‌ಗೆ 400–425. ಅಲಗನ್ನು ದಪ್ಪ ಪೈಪಿನೊಳಗಿಟ್ಟು, ಶಾಖ ಅಳೆಯಲು ಕೆ ಟೈಪ್ ಥರ್ಮೋಕಪಲ್ ಇಟ್ಟುಕೊಂಡು, ಎರಡು ಗಂಟೆಯಂತೆ ಎರಡು ಸಲ ಹದ ಕೊಡಿ.

ಮನೆಯಲ್ಲೇ ಮಾಡಿದರೂ ಕತ್ತಿ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಬರುತ್ತದೆ. ಕುಲುಮೆ ಹೊತ್ತಿಸುವ ಮೊದಲು ಜಿಲ್ಲಾಧಿಕಾರಿ ಅಥವಾ ಪೊಲೀಸ್ ಕಮಿಷನರ್ ಕಚೇರಿಯಲ್ಲಿ ಪರವಾನಗಿ ವಿಚಾರಿಸಿ.